ಮಯಸ್ತೇನಿಯಾ ಗ್ರೇವಿಸ್: ಕೋಟಿಯ ಇಂಜೆಕ್ಷನ್ ಸುದ್ದಿಯಾಯಿತು, ಐಸ್ ತುಂಡು ಆಗಲಿಲ್ಲ

ಸ್ನಾಯುಗಳು ಬೇಗ ದಣಿದು ಶಕ್ತಿ ಕಳೆದುಕೊಳ್ಳುವ ಕಾಯಿಲೆ ಮಯಸ್ತೇನಿಯಾ ಗ್ರೇವಿಸ್. ಆ ಹೆಸರು ಮೊದಲೆಲ್ಲ ಪೇಪರಿನಲ್ಲಿ ಕಾಣುತ್ತಿದ್ದದ್ದು ಹೆಚ್ಚಾಗಿ ಅಮಿತಾಭ್ ಬಚ್ಚನ್ ಸುದ್ದಿಯ ಜೊತೆಗೆ. ಈಗ ಹಾಗಿಲ್ಲ. 2021ರ ಡಿಸೆಂಬರ್‌ನಿಂದ 2025ರ ಏಪ್ರಿಲ್ ಒಳಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಒಂದೇ ಕಾಯಿಲೆಗೆ ಐದು ಹೊಸ ಔಷಧಿಗಳನ್ನು ಒಪ್ಪಿದೆ. ಎಲ್ಲವೂ ಇಂಜೆಕ್ಷನ್ ಅಥವಾ ಡ್ರಿಪ್. ಒಂದೊಂದು ಬಂದಾಗಲೂ 'ಅಪರೂಪದ ಕಾಯಿಲೆಗೆ ಮದ್ದು ಸಿಕ್ಕಿತು' ಎನ್ನುವ ಧಾಟಿಯ ಸುದ್ದಿ ಓಡಾಡುತ್ತದೆ. ಅದರ ಜೊತೆಗೆ 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಕಡಿತ ಬಂತು. ಕ್ಯಾನ್ಸರ್ ಮತ್ತು ಅಪರೂಪದ ಕಾಯಿಲೆಗಳದ್ದೂ ಸೇರಿ 33 ಔಷಧಿಗಳಿಗೆ ತೆರಿಗೆ ಸೊನ್ನೆಯಾಯಿತು ಎಂದು ಓದಿದವರು 'ಹಾಗಾದರೆ ಇದೂ ಅಗ್ಗ ಆಯಿತಾ?' ಎಂದು ಕೇಳತೊಡಗಿದರು.

ಬೆಂಗಳೂರಿನಲ್ಲಿ ಈ ಕಾಯಿಲೆಗೆ ಚಿಕಿತ್ಸೆ ತೆಗೆದುಕೊಳ್ಳುವವರ ಕೈಯಲ್ಲಿ ಇರುವುದು ಮಾತ್ರ ಇವತ್ತಿಗೂ ಹಳೆಯ ಮಾತ್ರೆಗಳೇ. ಹೊಸದು ಬಂದಿದ್ದರೂ ಡಾಕ್ಟರ್ ಯಾಕೆ ಬರೆಯುತ್ತಿಲ್ಲ? ಹಳೆಯದರಲ್ಲೇ ಗುಣವಾಗುವುದಾದರೆ ಹೊಸದು ಯಾಕೆ ಬೇಕಿತ್ತು? ಗೊಂದಲ ಸಹಜವೇ. ಆದರೆ ಔಷಧಿಯ ಬೆಲೆಯ ಬಗ್ಗೆ ಇಷ್ಟೊಂದು ಮಾತಾಡುವಾಗ ಒಂದು ಸಂಗತಿ ಮರೆಗೆ ಹೋಗುತ್ತಿದೆ. ನಮ್ಮಲ್ಲಿ ರೋಗಿಗಳಿಗೆ ಜಾಸ್ತಿ ಪೆಟ್ಟು ಬೀಳುವುದು ಹೊಸ ಇಂಜೆಕ್ಷನ್ ಸಿಗದ್ದರಿಂದಲ್ಲ. ಕಾಯಿಲೆ ಯಾವುದೆಂದು ಗೊತ್ತಾಗುವ ಮುಂಚೆ ಕಳೆದುಹೋಗುವ ತಿಂಗಳುಗಳಿಂದ, ಮತ್ತು ಅಗ್ಗದ ಔಷಧಿಯನ್ನು ತಪ್ಪಾಗಿ ಬಳಸುವುದರಿಂದ.

ನಾಗರಹಾವಿನ ವಿಷ ಕೆಲಸ ಮಾಡುವ ಜಾಗ

ಕೈ ಎತ್ತಬೇಕು ಎಂದು ಮೆದುಳು ಹೇಳಿದರೆ ಆ ಸಂದೇಶ ನರದ ತುದಿಯವರೆಗೆ ವಿದ್ಯುತ್ತಾಗಿ ಬರುತ್ತದೆ. ಅಲ್ಲಿಂದ ಸ್ನಾಯುವಿಗೆ ದಾಟಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಕು. ಸ್ನಾಯುವಿನ ಮೇಲಿರುವ ಗ್ರಾಹಕಗಳು ಅದನ್ನು ಹಿಡಿದುಕೊಂಡಾಗ ಸ್ನಾಯು ಬಿಗಿಯಾಗುತ್ತದೆ. ಕೆಲಸ ಮುಗಿದ ಅಸಿಟೈಲ್‌ಕೋಲಿನ್ ಅನ್ನು ಒಂದು ಕಿಣ್ವ ಆ ಕ್ಷಣವೇ ಒಡೆದುಹಾಕುತ್ತದೆ.

ಮಯಸ್ತೇನಿಯಾ ಗ್ರೇವಿಸ್‌ನಲ್ಲಿ, ಡಾಕ್ಟರುಗಳ ಬಾಯಲ್ಲಿ ಬರೀ 'ಎಂಜಿ', ದೇಹದ ರೋಗನಿರೋಧಕ ವ್ಯವಸ್ಥೆ ಈ ಗ್ರಾಹಕಗಳನ್ನೇ ಶತ್ರು ಎಂದುಕೊಂಡು ಆಂಟಿಬಾಡಿ ತಯಾರಿಸುತ್ತದೆ. ಗ್ರಾಹಕಗಳು ಕಡಿಮೆಯಾಗುತ್ತವೆ. ನರ ಚೆನ್ನಾಗಿದೆ, ಸ್ನಾಯುವೂ ಚೆನ್ನಾಗಿದೆ, ನಡುವಿನ ದಾಟು ಕೆಟ್ಟಿದೆ.

ನಾಗರಹಾವಿನ ವಿಷ ಕೆಲಸ ಮಾಡುವುದೂ ಇದೇ ಜಾಗದಲ್ಲಿ. ಹಾವು ಕಚ್ಚಿದವರ ಕಣ್ಣುರೆಪ್ಪೆ ಮೊದಲು ಜೋತುಬೀಳುವುದು, ಆಮೇಲೆ ನುಂಗಲು ಆಗದಿರುವುದು, ಕೊನೆಗೆ ಉಸಿರಾಟಕ್ಕೆ ತೊಂದರೆಯಾಗುವುದು ಇದಕ್ಕೇ. ಹಾವು ಕಚ್ಚಿದವರಿಗೆ ಆಂಟಿವೆನಮ್ ಜೊತೆ ಕೊಡುವ ನಿಯೋಸ್ಟಿಗ್ಮಿನ್ ಮತ್ತು ಎಂಜಿ ರೋಗಿಗಳು ನುಂಗುವ ಪಿರಿಡೋಸ್ಟಿಗ್ಮಿನ್ ಒಂದೇ ಮನೆತನದವು, ಎರಡೂ ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ತಡೆಯುತ್ತವೆ. 1970ರ ದಶಕದಲ್ಲಿ ಎಂಜಿ ರೋಗಿಗಳಲ್ಲಿ ಗ್ರಾಹಕಗಳು ಕಡಿಮೆ ಎಂದು ಎಣಿಸಿ ತೋರಿಸಿದ್ದೂ ಹಾವಿನ ವಿಷದಿಂದಲೇ. ತೈವಾನಿನ ಒಂದು ಕ್ರೈಟ್ ಹಾವಿನ ವಿಷ ಈ ಗ್ರಾಹಕಗಳಿಗೆ ಮಾತ್ರ ಅಂಟಿಕೊಳ್ಳುತ್ತದೆ, ಹಾಗಾಗಿ ಎಣಿಕೆ ಸುಲಭವಾಯಿತು.

ಇನ್ನು ದಣಿವಿನ ವಿಷಯ. ಸ್ನಾಯುವನ್ನು ಪದೇ ಪದೇ ಬಳಸಿದಾಗ ನರದ ತುದಿಯಿಂದ ಹೊರಬರುವ ಅಸಿಟೈಲ್‌ಕೋಲಿನ್ ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗುತ್ತದೆ. ಇದು ಎಲ್ಲರಲ್ಲೂ ಆಗುತ್ತದೆ. ಆರೋಗ್ಯವಂತರಲ್ಲಿ ಗ್ರಾಹಕಗಳು ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಇರುವುದರಿಂದ ಗೊತ್ತೇ ಆಗುವುದಿಲ್ಲ. ಎಂಜಿಯಲ್ಲಿ ಆ ಹೆಚ್ಚುವರಿ ಇಲ್ಲ. ಮೊದಲ ನಾಲ್ಕು ತುತ್ತು ಸಲೀಸಾಗಿ ಅಗಿದವರು ಊಟದ ಅರ್ಧಕ್ಕೆ ಬರುವಷ್ಟರಲ್ಲಿ ಗದ್ದಕ್ಕೆ ಕೈ ಕೊಟ್ಟು ದವಡೆ ಮುಚ್ಚಬೇಕಾಗುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಮತ್ತೆ ಶಕ್ತಿ ಬರುತ್ತದೆ.

ಬೆಳಗ್ಗೆ ಮಾಯ, ಸಂಜೆಗೆ ಹಾಜರ್

ಈ ಏರಿಳಿತವೇ ಕಾಯಿಲೆಯ ಗುರುತು. ಅದನ್ನು ಮುಚ್ಚಿಹಾಕುವುದೂ ಇದೇ ಏರಿಳಿತ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಎದ್ದವರ ಕಣ್ಣು ಅರಳಿರುತ್ತದೆ. ಆಸ್ಪತ್ರೆಯ ಒಪಿಡಿ ನಡೆಯುವುದೂ ಬೆಳಗ್ಗೆಯೇ! ಸಂಜೆ ಆರಕ್ಕೆ ರೆಪ್ಪೆ ಜೋತುಬಿದ್ದದ್ದನ್ನು ಮನೆಯವರು ನೋಡಿರುತ್ತಾರೆ, ಬೆಳಗ್ಗೆ ಹತ್ತಕ್ಕೆ ಡಾಕ್ಟರ್ ಎದುರು ಏನೂ ಕಾಣುವುದಿಲ್ಲ.

ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕಾಯಿಲೆ ಶುರುವಾಗುವುದು ಕಣ್ಣಿನಿಂದ. ರೆಪ್ಪೆ ಇಳಿಯುತ್ತದೆ, ಇಲ್ಲವೇ ಎದುರಿಗಿರುವುದು ಎರಡೆರಡಾಗಿ ಕಾಣುತ್ತದೆ. ಹಾಗಾಗಿ ಮೊದಲು ಹೋಗುವುದು ಕನ್ನಡಕದ ಅಂಗಡಿಗೆ ಅಥವಾ ಕಣ್ಣಿನ ಡಾಕ್ಟರ್ ಹತ್ತಿರ. ಪವರ್ ಬದಲಾದರೂ ತೊಂದರೆ ನಿಲ್ಲುವುದಿಲ್ಲ. ಆಮೇಲೆ ಯಾರೋ ಮೆದುಳಿನ ಎಂಆರ್‌ಐ ಮಾಡಿಸಿ ಎನ್ನುತ್ತಾರೆ. ಎಂಜಿಯಲ್ಲಿ ಮೆದುಳಿಗೆ ಏನೂ ಆಗಿರುವುದಿಲ್ಲ, ಆದ್ದರಿಂದ ರಿಪೋರ್ಟ್ ನಾರ್ಮಲ್. ನರಗಳ ಸಾಮಾನ್ಯ ಪರೀಕ್ಷೆಯೂ ನಾರ್ಮಲ್. ನೋವಿಲ್ಲ, ಜೋಮಿಲ್ಲ, ರಕ್ತದ ಮಾಮೂಲಿ ಟೆಸ್ಟ್‌ಗಳಲ್ಲಿ ಏನೂ ಇಲ್ಲ. ಎಲ್ಲ ನಾರ್ಮಲ್ ಬಂದ ಮೇಲೆ ಉಳಿಯುವ ಮಾತು ಒಂದೇ: 'ಟೆನ್ಷನ್ ಮಾಡ್ಕೋಬೇಡಿ.' ನಲವತ್ತು ದಾಟದ ಹೆಂಗಸರಲ್ಲಿ ಈ ಕಾಯಿಲೆ ಹೆಚ್ಚು. ಆ ವಯಸ್ಸಿನವರಿಗೇ ಈ ಮಾತೂ ಸುಲಭವಾಗಿ ಸಿಗುತ್ತದೆ.

ವಯಸ್ಸಾದವರ ಕಥೆ ಬೇರೆ. ಅರವತ್ತು ದಾಟಿದ ಗಂಡಸರಲ್ಲಿ ಎಂಜಿ ಮತ್ತೆ ಜಾಸ್ತಿಯಾಗುತ್ತದೆ. ಮಾತು ತೊದಲಿದರೆ, ನೀರು ಕುಡಿದಾಗ ಮೂಗಿಗೆ ಬಂದರೆ, ಮನೆಯವರು 'ಲಕ್ವ ಹೊಡೆದಿದೆ' ಎಂದುಕೊಳ್ಳುತ್ತಾರೆ. ಕೆಲವು ಸಲ ಆಸ್ಪತ್ರೆಯಲ್ಲೂ ಹಾಗೇ ಅಂದುಕೊಳ್ಳುವುದುಂಟು. ಲಕ್ವ ಸಾಮಾನ್ಯವಾಗಿ ಥಟ್ಟನೆ ಬರುತ್ತದೆ, ಒಂದು ಪಕ್ಕಕ್ಕೆ ಬರುತ್ತದೆ, ಗಂಟೆಗಂಟೆಗೆ ಬದಲಾಗುವುದಿಲ್ಲ. ಎಂಜಿಯಲ್ಲಿ ಮಾತು ಶುರುವಿನಲ್ಲಿ ಸ್ಪಷ್ಟವಾಗಿದ್ದು, ಹತ್ತು ನಿಮಿಷ ಫೋನಿನಲ್ಲಿ ಮಾತಾಡುವಷ್ಟರಲ್ಲಿ ಮೂಗಿನಿಂದ ಬಂದ ಹಾಗೆ ಆಗುತ್ತದೆ. ಈ ವ್ಯತ್ಯಾಸವನ್ನು ಕೇಳಿ ತಿಳಿಯಬೇಕು. ಎರಡು ನಿಮಿಷದಲ್ಲಿ ಒಬ್ಬರನ್ನು ನೋಡಿ ಕಳಿಸಬೇಕಾದ ಒಪಿಡಿಯಲ್ಲಿ ಕೇಳುವುದಕ್ಕೇ ಪುರುಸೊತ್ತಿರುವುದಿಲ್ಲ.

ಜಗತ್ತಿನ ಬೇರೆ ಬೇರೆ ಕಡೆಯ ಅಂದಾಜಿನಂತೆ ಹತ್ತು ಲಕ್ಷ ಜನರಲ್ಲಿ ಸುಮಾರು 150ರಿಂದ 250 ಮಂದಿಗೆ ಎಂಜಿ ಇರುತ್ತದೆ. ಆ ಲೆಕ್ಕವನ್ನೇ ಇಟ್ಟುಕೊಂಡರೆ ಬೆಂಗಳೂರಿನಷ್ಟು ದೊಡ್ಡ ಊರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಇರಬೇಕು. ಅಪರೂಪ ನಿಜ, ಆದರೆ ಒಬ್ಬ ಫ್ಯಾಮಿಲಿ ಡಾಕ್ಟರ್ ತನ್ನ ಸರ್ವಿಸ್‌ನಲ್ಲಿ ಒಮ್ಮೆಯೂ ನೋಡದಷ್ಟು ಅಪರೂಪವಲ್ಲ.

ಎರಡು ನಿಮಿಷದ ಐಸ್

ಅನುಮಾನ ಬಂದರೆ ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಒಂದು ಗ್ಲೌಸಿನಲ್ಲೋ ಕವರಿನಲ್ಲೋ ಐಸ್ ತುಂಬಿ, ತೆಳು ಬಟ್ಟೆ ಸುತ್ತಿ, ಜೋತುಬಿದ್ದ ರೆಪ್ಪೆಯ ಮೇಲೆ ಎರಡು ನಿಮಿಷ ಇಡುತ್ತಾರೆ. ಅದಕ್ಕೂ ಮುಂಚೆ ಸ್ಕೇಲ್ ಹಿಡಿದು ಮೇಲಿನ ಮತ್ತು ಕೆಳಗಿನ ರೆಪ್ಪೆಯ ನಡುವಿನ ಅಂತರ ಅಳೆದಿರುತ್ತಾರೆ. ಐಸ್ ತೆಗೆದ ಕೂಡಲೇ ಮತ್ತೆ ಅಳೆಯುತ್ತಾರೆ. 2 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಮೇಲೆ ಹೋಗಿದ್ದರೆ ಎಂಜಿ ಇರುವ ಸಾಧ್ಯತೆ ಹೆಚ್ಚು. ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವ ತಣ್ಣಗಾದಾಗ ನಿಧಾನವಾಗುತ್ತದೆ, ಇರುವ ಅಸಿಟೈಲ್‌ಕೋಲಿನ್ ಸ್ವಲ್ಪ ಹೆಚ್ಚು ಹೊತ್ತು ಕೆಲಸ ಮಾಡುತ್ತದೆ. ಡಾಕ್ಟರ್ ಹತ್ತಿರ ಹೋಗುವ ಮುಂಚೆ ಸಂಜೆಯ ಹೊತ್ತು ರೆಪ್ಪೆಯ ಫೋಟೋ, ಮಾತಿನ ವಿಡಿಯೋ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಬೆಳಗಿನ ಒಪಿಡಿಯ ಸಮಸ್ಯೆಯೂ ಅರ್ಧ ಬಗೆಹರಿಯುತ್ತದೆ.

ಎರಡನೆಯದು ನಿಯೋಸ್ಟಿಗ್ಮಿನ್ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆ ನೋಡುವುದು. ಎದೆಬಡಿತ ನಿಧಾನವಾಗದಂತೆ ಅಟ್ರೋಪಿನ್ ಜೊತೆಯಲ್ಲೇ ಇರಬೇಕು. ಮೂರನೆಯದು ನರಕ್ಕೆ ಸೆಕೆಂಡಿಗೆ ಎರಡು ಮೂರು ಸಲ ಸಣ್ಣ ಶಾಕ್ ಕೊಟ್ಟು ಸ್ನಾಯುವಿನ ಪ್ರತಿಕ್ರಿಯೆ ಅಳೆಯುವ ಆರ್‌ಎನ್‌ಎಸ್ ಪರೀಕ್ಷೆ. ಮೊದಲ ಅಲೆಗಿಂತ ನಾಲ್ಕನೆಯದು ಶೇ 10ಕ್ಕಿಂತ ಹೆಚ್ಚು ಕುಗ್ಗಿದರೆ ದಾಟು ಕೆಟ್ಟಿದೆ ಎಂದರ್ಥ. ನಿಮ್ಹಾನ್ಸ್‌ನಲ್ಲಿ, ಸೇಂಟ್ ಜಾನ್ಸ್‌ನಂಥ ದೊಡ್ಡ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಇಂಥ ಪರೀಕ್ಷೆಗಳಿಗೆ ಬೇಕಾದ ನ್ಯೂರಾಲಜಿ ವಿಭಾಗವಿದೆ. ಸ್ನಾಯುವಿನ ಒಂದೊಂದೇ ಎಳೆಯ ವಿದ್ಯುತ್ ಅಳೆಯುವ ಸಿಂಗಲ್ ಫೈಬರ್ ಇಎಂಜಿ ಇನ್ನೂ ಸೂಕ್ಷ್ಮ, ಆದರೆ ಅದನ್ನು ಮಾಡಲು ಪಳಗಿದ ಕೈ ಬೇಕು.

ರಕ್ತದಲ್ಲಿ ಆಂಟಿಬಾಡಿ ಹುಡುಕುವ ಪರೀಕ್ಷೆಯ ಬಗ್ಗೆ ಜಾಸ್ತಿ ತಪ್ಪು ತಿಳಿವಳಿಕೆ ಇದೆ. ಮೈಯೆಲ್ಲಾ ಹರಡಿದ ಎಂಜಿಯಲ್ಲಿ ಸುಮಾರು ಶೇ 85 ಜನರಿಗೆ ಅಸಿಟೈಲ್‌ಕೋಲಿನ್ ಗ್ರಾಹಕದ ಆಂಟಿಬಾಡಿ ಸಿಗುತ್ತದೆ. ಬರೀ ಕಣ್ಣಿಗೆ ಸೀಮಿತವಾದವರಲ್ಲಿ ಸಿಗುವುದು ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮಾತ್ರ. ಆದ್ದರಿಂದ ರಿಪೋರ್ಟ್ ನೆಗೆಟಿವ್ ಬಂತು ಎಂದರೆ ಕಾಯಿಲೆ ಇಲ್ಲ ಎಂದಲ್ಲ. ಮಸ್ಕ್ ಎಂಬ ಇನ್ನೊಂದು ಪ್ರೋಟೀನಿನ ವಿರುದ್ಧ ಆಂಟಿಬಾಡಿ ಇರಬಹುದು, ಅದನ್ನು ಬೇರೆಯಾಗಿ ಟೆಸ್ಟ್ ಮಾಡಿಸಬೇಕು. ಯಾವ ಆಂಟಿಬಾಡಿ ಎನ್ನುವುದು ಮುಂದಿನ ಔಷಧಿಯನ್ನೇ ಬದಲಿಸುತ್ತದೆ, ಅದಕ್ಕೆ ಇದನ್ನು ದಂಡದ ಖರ್ಚು ಎನ್ನಲಾಗದು.

ಎಂಜಿ ಖಚಿತವಾದ ಮೇಲೆ ಎದೆಯ ಸಿಟಿ ಸ್ಕ್ಯಾನ್ ಆಗಲೇಬೇಕು. ನೂರರಲ್ಲಿ ಹತ್ತರಿಂದ ಹದಿನೈದು ರೋಗಿಗಳಿಗೆ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಗೆಡ್ಡೆ ಇರುತ್ತದೆ. ಸುಮ್ನೆ ಒಂದು ಎಕ್ಸ್‌ರೇ ತೆಗೆದರೆ ಸಣ್ಣ ಗೆಡ್ಡೆ ತಪ್ಪಿಹೋಗಬಹುದು.

ಹಳೆಯ ಮಾತ್ರೆಗಳ ಬಲ, ಬಳಸುವವರ ತಪ್ಪು

1934ರಲ್ಲಿ ಇಂಗ್ಲೆಂಡಿನ ಮೇರಿ ವಾಕರ್ ಎಂಬ ವೈದ್ಯೆ ಫೈಸೋಸ್ಟಿಗ್ಮಿನ್ ಕೊಟ್ಟು ಎಂಜಿ ರೋಗಿಯ ರೆಪ್ಪೆ ಮೇಲೇಳುವುದನ್ನು ತೋರಿಸಿದರು. ಇಂದಿನ ಪಿರಿಡೋಸ್ಟಿಗ್ಮಿನ್ ಅದೇ ದಾರಿಯ ಔಷಧಿ. 60 ಮಿಲಿಗ್ರಾಂ ಮಾತ್ರೆ ನುಂಗಿ ಅರ್ಧ ಮುಕ್ಕಾಲು ಗಂಟೆಗೆ ಶಕ್ತಿ ಬರುತ್ತದೆ, ಮೂರು ನಾಲ್ಕು ಗಂಟೆಗೆ ಇಳಿಯುತ್ತದೆ. 'ದಿನಕ್ಕೆ ಮೂರು, ಊಟ ಆದ ಮೇಲೆ' ಎನ್ನುವ ನಮ್ಮ ಮಾಮೂಲಿ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಗಿಯಲು ಕಷ್ಟಪಡುವವರು ಊಟಕ್ಕೆ ಅರ್ಧ ಗಂಟೆ ಮುಂಚೆಯೇ ತೆಗೆದುಕೊಂಡರೆ ಉಪಯೋಗ. ಊಟ ಮುಗಿಸಿ ನುಂಗಿದರೆ ಶಕ್ತಿ ಬರುವ ಹೊತ್ತಿಗೆ ತಟ್ಟೆ ತೊಳೆದಾಗಿರುತ್ತದೆ.

ಈ ಮಾತ್ರೆ ಕಾಯಿಲೆಯನ್ನು ಮುಟ್ಟುವುದಿಲ್ಲ, ಲಕ್ಷಣವನ್ನು ಮಾತ್ರ ತಗ್ಗಿಸುತ್ತದೆ. ಹೊಟ್ಟೆ ನುಲಿತ, ಭೇದಿ, ಬಾಯಲ್ಲಿ ನೀರೂರುವುದು ಇದರ ಅಡ್ಡಪರಿಣಾಮಗಳು. ನಮ್ಮ ಊರಿನಲ್ಲಿ ಅಪಾಯ ಶುರುವಾಗುವುದೇ ಇಲ್ಲಿಂದ. ಭೇದಿ ಆಯಿತೆಂದು ರೋಗಿ ಪಕ್ಕದ ಮೆಡಿಕಲ್ ಶಾಪಿಗೆ ಹೋಗುತ್ತಾರೆ. ಚೀಟಿ ಇಲ್ಲದೆಯೇ ಆಫ್ಲಾಕ್ಸಸಿನ್ ಬೆರೆತ ಮಾತ್ರೆ ಕೈಗೆ ಬರುತ್ತದೆ. ಆಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಎಲ್ಲ ಒಂದೇ ಗುಂಪು. ಎಂಜಿ ಇರುವವರಲ್ಲಿ ಇವು ನಿಶ್ಶಕ್ತಿಯನ್ನು ಹೆಚ್ಚಿಸಬಹುದು ಎಂದು ಎಫ್‌ಡಿಎ 2011ರಲ್ಲೇ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಔಷಧಿಯ ಮಾಹಿತಿ ಪತ್ರದಲ್ಲಿ ಹಾಕಿಸಿತು. ಅಂದರೆ ಎಂಜಿ ಮಾತ್ರೆಯಿಂದ ಆದ ಭೇದಿಗೆ ತೆಗೆದುಕೊಂಡ ಮಾತ್ರೆ ಎಂಜಿಯನ್ನೇ ಕೆರಳಿಸಬಹುದು. ಜೆಂಟಾಮೈಸಿನ್, ಅಮಿಕಾಸಿನ್, ಅಜಿತ್ರೋಮೈಸಿನ್, ಎದೆಬಡಿತಕ್ಕೋ ಮೈಗ್ರೇನಿಗೋ ಕೊಡುವ ಪ್ರೊಪ್ರಾನೊಲಾಲ್, ಗರ್ಭಿಣಿಯರಿಗೆ ಬಿಪಿ ಏರಿದಾಗ ಏರಿಸುವ ಮೆಗ್ನೀಷಿಯಂ ಡ್ರಿಪ್ ಕೂಡ ಎಚ್ಚರಿಕೆಯ ಪಟ್ಟಿಯಲ್ಲಿವೆ. ಬೇರೆ ದಾರಿಯೇ ಇಲ್ಲದಾಗ ಇವುಗಳಲ್ಲಿ ಕೆಲವನ್ನು ನಿಗಾ ಇಟ್ಟು ಕೊಡುವುದುಂಟು. ಅಂಗಡಿಯ ಕೌಂಟರಿನಲ್ಲಿ ಆ ನಿಗಾ ಎಲ್ಲಿಂದ ಬರಬೇಕು?

ಕಾಯಿಲೆಯ ಬುಡಕ್ಕೆ ಹೋಗುವುದು ಸ್ಟೆರಾಯ್ಡ್. ಇದರ ಬಗ್ಗೆ ಜನರಿಗಿರುವ ಭಯ ಪೂರ್ತಿ ಸುಳ್ಳಲ್ಲ. ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಒಳಗೆ ಅಡಗಿರುವ ಟಿಬಿ ತಲೆ ಎತ್ತಬಹುದು. ಇದೆಲ್ಲದರ ಜೊತೆ ಎಂಜಿಗೇ ಸೇರಿದ ಒಂದು ವಿಚಿತ್ರವಿದೆ. ದೊಡ್ಡ ಡೋಸಿನಲ್ಲಿ ಶುರು ಮಾಡಿದರೆ ಮೊದಲ ಒಂದೆರಡು ವಾರ ಕೆಲವರಿಗೆ ನಿಶ್ಶಕ್ತಿ ಹೆಚ್ಚುತ್ತದೆ. ಅದಕ್ಕೇ ಡಾಕ್ಟರುಗಳು ಸಣ್ಣದರಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ, ಅಥವಾ ಆಸ್ಪತ್ರೆಯಲ್ಲಿ ಇರಿಸಿಕೊಂಡು ಕೊಡುತ್ತಾರೆ. ಇದನ್ನು ಮೊದಲೇ ಹೇಳದಿದ್ದರೆ ರೋಗಿ 'ಈ ಮಾತ್ರೆ ಆಗಿಬರಲಿಲ್ಲ' ಎಂದು ಬಿಟ್ಟುಬಿಡುತ್ತಾರೆ. ವರ್ಷಗಟ್ಟಲೆ ತೆಗೆದುಕೊಂಡದ್ದನ್ನು ಥಟ್ಟನೆ ಬಿಟ್ಟರೆ ಇನ್ನೂ ಕಷ್ಟ.

ಸ್ಟೆರಾಯ್ಡ್ ಇಳಿಸಲೆಂದು ಅಜಾಥಯೋಪ್ರಿನ್ ಅಥವಾ ಮೈಕೋಫೆನೊಲೇಟ್ ಸೇರಿಸುತ್ತಾರೆ. ಅಜಾಥಯೋಪ್ರಿನ್ ಪೂರ್ತಿ ಕೆಲಸ ಮಾಡಲು ಆರು ತಿಂಗಳಿಂದ ಒಂದು ವರ್ಷಕ್ಕೂ ಮಿಕ್ಕಿ ಬೇಕು, ನಡುವೆ ರಕ್ತಕಣ ಮತ್ತು ಲಿವರ್ ಪರೀಕ್ಷೆ ತಪ್ಪಿಸುವಂತಿಲ್ಲ. ಮೈಕೋಫೆನೊಲೇಟ್ ಗರ್ಭದ ಮಗುವಿಗೆ ಹಾನಿ ಮಾಡುತ್ತದೆ. ಮಕ್ಕಳು ಬೇಕೆನ್ನುವ ಹೆಣ್ಣುಮಕ್ಕಳು ಡಾಕ್ಟರಿಗೆ ಮೊದಲೇ ಹೇಳಬೇಕಾದ ವಿಷಯ ಇದು.

ಥೈಮಸ್ ತೆಗೆಸಬೇಕಾ?

ಗೆಡ್ಡೆ ಇದ್ದರೆ ಪ್ರಶ್ನೆಯೇ ಇಲ್ಲ, ತೆಗೆಯಬೇಕು. ಗೆಡ್ಡೆ ಇಲ್ಲದವರಿಗೂ ಥೈಮಸ್ ತೆಗೆಯುವುದರಿಂದ ಲಾಭವಿದೆಯೇ ಎಂಬ ಜಗಳ ದಶಕಗಳ ಕಾಲ ನಡೆಯಿತು. 2016ರಲ್ಲಿ ಪ್ರಕಟವಾದ ಎಂಜಿಟಿಎಕ್ಸ್ ಎಂಬ ಪ್ರಯೋಗ ಅದಕ್ಕೆ ಒಂದು ಮಟ್ಟಿಗೆ ತೆರೆ ಎಳೆಯಿತು. 126 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬರೀ ಸ್ಟೆರಾಯ್ಡ್, ಇನ್ನೊಂದಕ್ಕೆ ಆಪರೇಷನ್ ಜೊತೆಗೆ ಸ್ಟೆರಾಯ್ಡ್ ಕೊಟ್ಟು ಮೂರು ವರ್ಷ ನೋಡಿದರು. ಆಪರೇಷನ್ ಆದವರಲ್ಲಿ ನಿಶ್ಶಕ್ತಿ ಕಡಿಮೆ ಇತ್ತು, ಸ್ಟೆರಾಯ್ಡೂ ಕಡಿಮೆ ಸಾಕಾಯಿತು.

ಆದರೆ ಆ ಪ್ರಯೋಗದಲ್ಲಿದ್ದವರು 18ರಿಂದ 65 ವರ್ಷದವರು, ಗ್ರಾಹಕದ ಆಂಟಿಬಾಡಿ ಇದ್ದವರು. ಮಸ್ಕ್ ಆಂಟಿಬಾಡಿ ಇರುವವರಿಗೆ ಈ ಆಪರೇಷನ್‌ನಿಂದ ಲಾಭ ಕಂಡಿಲ್ಲ. ಇನ್ನೊಂದು ಮಾತು: ಅಲ್ಲಿ ಎದೆಮೂಳೆ ಸೀಳಿಯೇ ಆಪರೇಷನ್ ಮಾಡಿದ್ದರು. ಇಂದು ಬೆಂಗಳೂರಿನಲ್ಲಿ ಸಣ್ಣ ತೂತಿನಿಂದಲೋ ರೋಬೋಟ್‌ನಿಂದಲೋ ಮಾಡುವುದಕ್ಕೆ ಆ ಪ್ರಯೋಗ ನೇರ ಸಾಕ್ಷಿಯಲ್ಲ. ಗ್ರಂಥಿಯನ್ನು ಪೂರ್ತಿ ತೆಗೆದರೆ ಫಲ ಒಂದೇ ಎಂದು ಶಸ್ತ್ರವೈದ್ಯರು ನಂಬುತ್ತಾರೆ, ಅದು ಸಮಂಜಸವೂ ಹೌದು. ಆಪರೇಷನ್ ಆದ ಮರುವಾರವೇ ಮಾತ್ರೆ ಬಿಡಬಹುದು ಎಂದುಕೊಂಡವರಿಗೆ ಮಾತ್ರ ನಿರಾಸೆ. ಫಲ ಕಾಣುವುದು ತಿಂಗಳುಗಳ, ವರ್ಷಗಳ ಲೆಕ್ಕದಲ್ಲಿ.

ಆಕ್ಸಿಮೀಟರ್ ನಂಬಿ ಕೂರಬೇಡಿ

ಎಂಜಿ ರೋಗಿಗಳಲ್ಲಿ ಸುಮಾರು ಶೇ 15ರಿಂದ 20 ಮಂದಿಗೆ ಒಮ್ಮೆಯಾದರೂ ಉಸಿರಾಟದ ಸ್ನಾಯುಗಳೇ ಸೋಲುವ ಸ್ಥಿತಿ ಬರುತ್ತದೆ. ಹೆಚ್ಚಿನವರಿಗೆ ಕಾಯಿಲೆ ಶುರುವಾದ ಮೊದಲ ಎರಡು ಮೂರು ವರ್ಷಗಳಲ್ಲೇ. ಸೋಂಕು, ಆಪರೇಷನ್, ತಪ್ಪು ಔಷಧಿ, ಇದ್ದ ಔಷಧಿ ಬಿಟ್ಟದ್ದು, ಇವೇ ಸಾಮಾನ್ಯ ಕಾರಣಗಳು.

ಕೋವಿಡ್ ಆದ ಮೇಲೆ ಬಹಳ ಮನೆಗಳಲ್ಲಿ ಆಕ್ಸಿಮೀಟರ್ ಇದೆ. ಬೆರಳಿಗೆ ಸಿಕ್ಕಿಸಿ 97 ಕಂಡರೆ ಎಲ್ಲರಿಗೂ ಸಮಾಧಾನ. ಕೋವಿಡ್‌ನಲ್ಲಿ ಕೆಡುತ್ತಿದ್ದದ್ದು ಶ್ವಾಸಕೋಶ. ಇಲ್ಲಿ ಶ್ವಾಸಕೋಶ ಚೆನ್ನಾಗಿದೆ, ಅದನ್ನು ಹಿಗ್ಗಿಸುವ ಸ್ನಾಯು ಸೋಲುತ್ತಿದೆ. ಆಗ ಮೊದಲು ಏರುವುದು ರಕ್ತದ ಕಾರ್ಬನ್ ಡೈಆಕ್ಸೈಡ್. ಆಕ್ಸಿಜನ್ ಇಳಿಯುವುದು ತೀರಾ ತಡವಾಗಿ. ಆಕ್ಸಿಮೀಟರ್ 97 ತೋರಿಸುತ್ತಿದ್ದರೂ ರೋಗಿ ಅಪಾಯದ ಅಂಚಿನಲ್ಲಿರಬಹುದು.

ಅದರ ಬದಲು ಮಾಡಬಹುದಾದ ಸುಲಭದ ಪರೀಕ್ಷೆ ಒಂದಿದೆ. ಉದ್ದಕ್ಕೆ ಉಸಿರೆಳೆದುಕೊಂಡು ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಬೇಕು. ದಿನವೂ ಎಲ್ಲಿಯವರೆಗೆ ಹೋಗುತ್ತದೆ ಎಂದು ಗೊತ್ತಿಟ್ಟುಕೊಳ್ಳಬೇಕು. ಆ ಎಣಿಕೆ ದಿನೇ ದಿನೇ ಇಳಿಯುತ್ತಿದ್ದರೆ, ಇಪ್ಪತ್ತರೊಳಗೇ ಉಸಿರು ಮುಗಿದರೆ, ಮಲಗಿದಾಗ ಉಸಿರು ಕಟ್ಟಿದರೆ, ಎಂಜಲು ನುಂಗಲು ಆಗದಿದ್ದರೆ ಕಾಯುವಂತಿಲ್ಲ. ಐಸಿಯು ಇರುವ ಆಸ್ಪತ್ರೆಗೇ ಹೋಗಬೇಕು.

ಅಲ್ಲಿ ಎರಡು ಚಿಕಿತ್ಸೆಗಳಿವೆ. ಒಂದು ಪ್ಲಾಸ್ಮಾ ಎಕ್ಸ್‌ಚೇಂಜ್, ರಕ್ತದಿಂದ ಆಂಟಿಬಾಡಿ ಇರುವ ದ್ರವವನ್ನು ತೆಗೆದು ಬೇರೆ ತುಂಬುವುದು, ಸಾಮಾನ್ಯವಾಗಿ ದಿನ ಬಿಟ್ಟು ದಿನ ಐದು ಸಲ. ಇನ್ನೊಂದು ಐವಿಐಜಿ, ದಾನಿಗಳ ರಕ್ತದಿಂದ ತೆಗೆದ ಇಮ್ಯುನೊಗ್ಲೋಬುಲಿನ್. ಎರಡರ ಫಲವೂ ಹೆಚ್ಚುಕಡಿಮೆ ಸಮ ಎನ್ನುತ್ತವೆ ಅಧ್ಯಯನಗಳು. ಐವಿಐಜಿಯ ಪೂರ್ತಿ ಡೋಸ್ ಕೆಜಿ ತೂಕಕ್ಕೆ 2 ಗ್ರಾಂ. 60 ಕೆಜಿಯವರಿಗೆ 120 ಗ್ರಾಂ, ಅಂದರೆ 5 ಗ್ರಾಂನ 24 ಬಾಟಲಿ. ಬಿಲ್ ಲಕ್ಷಗಳಲ್ಲಿ ಬರುವುದು ಇದಕ್ಕೇ. ಪ್ಲಾಸ್ಮಾ ಎಕ್ಸ್‌ಚೇಂಜ್ ಅಗ್ಗವಾದರೂ ಅದಕ್ಕೆ ಯಂತ್ರ ಬೇಕು, ಅದನ್ನು ನಡೆಸುವವರು ಬೇಕು.

ಹೊಸ ಇಂಜೆಕ್ಷನ್‌ಗಳು ಮಾಡುವುದೇನು?

ಐದರಲ್ಲಿ ಎರಡು ಬಗೆ. ಎಫ್‌ಗಾರ್ಟಿಜಿಮಾಡ್, ರೊಜಾನೊಲಿಕ್ಸಿಜುಮ್ಯಾಬ್ ಮತ್ತು ನಿಪೊಕ್ಯಾಲಿಮ್ಯಾಬ್ ಒಂದು ಬಗೆ. ನಮ್ಮ ದೇಹ ಐಜಿಜಿ ಎಂಬ ಆಂಟಿಬಾಡಿಗಳನ್ನು ಹಾಳಾಗಲು ಬಿಡದೆ ಮತ್ತೆ ಮತ್ತೆ ಬಳಕೆಗೆ ತರುತ್ತದೆ. ಆ ಕೆಲಸ ಮಾಡುವ ಪ್ರೋಟೀನನ್ನು ಈ ಔಷಧಿಗಳು ತಡೆಯುತ್ತವೆ. ಆಂಟಿಬಾಡಿಗಳು ಬೇಗ ನಾಶವಾಗುತ್ತವೆ, ಒಳ್ಳೆಯವೂ ಕೆಟ್ಟವೂ. ಎರಡನೆಯ ಬಗೆ ರಾವುಲಿಜುಮ್ಯಾಬ್ ಮತ್ತು ಜಿಲುಕೊಪ್ಲಾನ್. ಆಂಟಿಬಾಡಿ ಅಂಟಿಕೊಂಡ ಮೇಲೆ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ದಂಡು ಬಂದು ಸ್ನಾಯುವಿನ ಪೊರೆಯನ್ನು ಹರಿಯುತ್ತದೆ. ಇವು ಆ ದಂಡನ್ನು ನಿಲ್ಲಿಸುತ್ತವೆ. 2017ರಲ್ಲೇ ಒಪ್ಪಿಗೆ ಪಡೆದ ಎಕ್ಯುಲಿಜುಮ್ಯಾಬ್ ಕೂಡ ಈ ಬಗೆಯದೇ. ಮಸ್ಕ್ ಆಂಟಿಬಾಡಿ ಕಾಂಪ್ಲಿಮೆಂಟನ್ನು ಕರೆಯುವುದಿಲ್ಲ, ಹಾಗಾಗಿ ಆ ರೋಗಿಗಳಿಗೆ ಈ ಎರಡನೆಯ ಬಗೆ ಕೊಟ್ಟು ಪ್ರಯೋಜನವಿಲ್ಲ. ಮೊದಲೇ ಹೇಳಿದ ಆಂಟಿಬಾಡಿ ಪರೀಕ್ಷೆ ಇಲ್ಲಿ ದುಡ್ಡು ಉಳಿಸುತ್ತದೆ. ಕಾಂಪ್ಲಿಮೆಂಟ್ ತಡೆಯುವ ಔಷಧಿ ಕೊಡುವ ಮುಂಚೆ ಒಂದು ಬಗೆಯ ಮೆದುಳುಪೊರೆ ಸೋಂಕಿನ ಲಸಿಕೆಯನ್ನೂ ಹಾಕಿಸಬೇಕು.

ಫಲ ಇದೆಯೇ? ಖಂಡಿತ ಇದೆ. 2021ರಲ್ಲಿ ಪ್ರಕಟವಾದ ಎಫ್‌ಗಾರ್ಟಿಜಿಮಾಡ್ ಪ್ರಯೋಗದಲ್ಲಿ, ಗ್ರಾಹಕದ ಆಂಟಿಬಾಡಿ ಇದ್ದವರಲ್ಲಿ ಶೇ 68 ಜನರಿಗೆ ದಿನನಿತ್ಯದ ಕೆಲಸಗಳಲ್ಲಿ ಗಮನಾರ್ಹ ಸುಧಾರಣೆ ಕಂಡಿತು. ಹೋಲಿಕೆಗೆಂದು ಕೊಟ್ಟ ಸುಳ್ಳು ಔಷಧಿ (ಪ್ಲಸೀಬೊ) ಪಡೆದವರಲ್ಲಿ ಅದು ಶೇ 30. ಫಲ ಕಾಣಲು ತಿಂಗಳುಗಟ್ಟಲೆ ಕಾಯಬೇಕಿಲ್ಲ, ವಾರಗಳಲ್ಲೇ ಗೊತ್ತಾಗುತ್ತದೆ. ಆದರೆ ಇದು ಗುಣಪಡಿಸುವ ಮದ್ದಲ್ಲ. ನಿಲ್ಲಿಸಿದರೆ ಆಂಟಿಬಾಡಿ ಮತ್ತೆ ಏರುತ್ತದೆ, ಮತ್ತೊಂದು ಸುತ್ತು ಬೇಕಾಗುತ್ತದೆ. ಅಮೆರಿಕದಲ್ಲಿ ಇದರ ವರ್ಷದ ಖರ್ಚು 2 ಲಕ್ಷ ಡಾಲರ್ ದಾಟುತ್ತದೆ, ನಮ್ಮ ಲೆಕ್ಕದಲ್ಲಿ ಒಂದೂವರೆ ಕೋಟಿಗೂ ಜಾಸ್ತಿ.

ವೈದ್ಯರಲ್ಲೇ ಇಲ್ಲಿ ಎರಡು ಅಭಿಪ್ರಾಯ. ಒಂದು ಪಕ್ಷ ಹೇಳುವುದು: ವರ್ಷಗಟ್ಟಲೆ ಸ್ಟೆರಾಯ್ಡ್ ಕೊಟ್ಟು ಸಕ್ಕರೆ ಕಾಯಿಲೆ, ಮೂಳೆ ಮುರಿತ ತಂದುಕೊಳ್ಳುವುದಕ್ಕಿಂತ ಹೊಸದನ್ನು ಬೇಗ ಕೊಡುವುದು ಮೇಲು. ಆ ಅಡ್ಡಪರಿಣಾಮಗಳಿಗೂ ಬೆಲೆ ಇದೆಯಲ್ಲ? ಇನ್ನೊಂದು ಪಕ್ಷದ ಮಾತು: ಹೆಚ್ಚಿನ ರೋಗಿಗಳು ಹಳೆಯ ಔಷಧಿಗಳನ್ನು ಸರಿಯಾಗಿ ಬಳಸಿದರೆ ಹತೋಟಿಗೆ ಬರುತ್ತಾರೆ, ಬಗ್ಗದೆ ಉಳಿಯುವವರು ಹತ್ತಕ್ಕೆ ಒಬ್ಬರೋ ಸ್ವಲ್ಪ ಜಾಸ್ತಿಯೋ, ಹೊಸದನ್ನು ಅವರಿಗೆ ಮೀಸಲಿಡೋಣ. ಶ್ರೀಮಂತ ದೇಶದಲ್ಲಿ ಮೊದಲ ವಾದಕ್ಕೆ ತೂಕವಿದೆ. ಇಲ್ಲಿನ ಪರಿಸ್ಥಿತಿಯಲ್ಲಿ ಎರಡನೆಯದೇ ಸರಿ ಎನಿಸುತ್ತದೆ, ಒಂದು ಷರತ್ತಿನ ಮೇಲೆ. 'ಸರಿಯಾಗಿ ಬಳಸಿದರೆ' ಎಂಬ ಮಾತು ಬರೀ ಬಾಯಿಮಾತಾಗಬಾರದು.

ನಡುವೆ ಒಂದು ಅಗ್ಗದ ದಾರಿಯೂ ಇದೆ: ಆಂಟಿಬಾಡಿ ತಯಾರಿಗೆ ಕಾರಣವಾದ ರಕ್ತಕಣಗಳನ್ನು ತಗ್ಗಿಸುವ ರಿಟುಕ್ಸಿಮ್ಯಾಬ್. ಮಸ್ಕ್ ಬಗೆಯವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಗ್ರಾಹಕದ ಆಂಟಿಬಾಡಿ ಇರುವವರಲ್ಲಿ ಪ್ರಯೋಗಗಳ ಫಲಿತಾಂಶ ಮಿಶ್ರ, ಕಾಯಿಲೆ ಹೊಸದಾಗಿರುವಾಗ ಕೊಟ್ಟರೆ ಲಾಭ ಹೆಚ್ಚು ಎಂಬ ಸೂಚನೆ ಇದೆ. ಹೈದರಾಬಾದಿನ ಡಾ. ರೆಡ್ಡೀಸ್ 2007ರಲ್ಲೇ ಇದರ ಬಯೋಸಿಮಿಲರ್, ಅಂದರೆ ಮೂಲದಂತೆಯೇ ಕೆಲಸ ಮಾಡುವ ಇನ್ನೊಂದು ಕಂಪನಿಯ ಔಷಧಿ, ತಂದ ಮೇಲೆ ಭಾರತದಲ್ಲಿ ಬೆಲೆ ಇಳಿಯಿತು.

ತೆರಿಗೆ ಇಳಿದರೆ ಸಾಕಾ?

2025ರ ಸೆಪ್ಟೆಂಬರ್ 22ರಿಂದ 33 ಔಷಧಿಗಳಿಗೆ ಜಿಎಸ್‌ಟಿ ಸೊನ್ನೆ ಆಯಿತು, 12ರಲ್ಲಿದ್ದ ಉಳಿದ ಔಷಧಿಗಳು ಶೇ 5ಕ್ಕೆ ಇಳಿದವು. ತಿಂಗಳ ಮಾತ್ರೆಗೆ ಸಾವಿರಗಳಲ್ಲಿ ಖರ್ಚು ಮಾಡುವವರಿಗೆ ಇದರಿಂದ ಉಳಿಯುವುದು ನೂರುಗಳಲ್ಲಿ. ಕೋಟಿಯ ಔಷಧಿಗೆ ತೆರಿಗೆ ಪೂರ್ತಿ ಬಿಟ್ಟರೂ ಅದು ಲಕ್ಷಕ್ಕೆ ಇಳಿಯುವುದಿಲ್ಲ.

2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ 50 ಲಕ್ಷ ರೂಪಾಯಿವರೆಗೆ ನೆರವಿದೆ ಎಂದು ಕೆಲವರು ಹೇಳುತ್ತಾರೆ. ಆ ನೀತಿಯ ಪಟ್ಟಿಯಲ್ಲಿರುವುದು ಹೆಚ್ಚಾಗಿ ಹುಟ್ಟಿನಿಂದ, ಜೀನ್ ದೋಷದಿಂದ ಬರುವ ಕಾಯಿಲೆಗಳು. ಎಂಜಿ ಆ ಜಾತಿಯದಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಎಪಿಎಲ್‌ನವರಿಗೆ ಖರ್ಚಿನ ಶೇ 30 ಮಾತ್ರ. ಅದೂ ಆಸ್ಪತ್ರೆಗೆ ಸೇರಿದಾಗಿನ ಚಿಕಿತ್ಸೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಯೋಜನೆ. ಎಂಜಿಯ ಖರ್ಚು ಹಾಗಲ್ಲ, ಅದು ತಿಂಗಳು ತಿಂಗಳೂ ಮನೆಯಲ್ಲೇ ಆಗುವಂಥದ್ದು. ಆ ಖರ್ಚಿಗೆ ಹೆದರಿ ಮಾತ್ರೆ ಬಿಟ್ಟವರು ಐಸಿಯು ಸೇರಿದರೆ ಆಗ ಸರ್ಕಾರವೇ ಲಕ್ಷಗಟ್ಟಲೆ ಕೊಡಬೇಕು!

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಗಳಿವೆ. ಮಲ್ಟಿಪಲ್ ಸ್ಕ್ಲೀರೋಸಿಸ್, ಪಾರ್ಕಿನ್ಸನ್ಸ್ ಹೆಸರು ಅಲ್ಲಿದೆ, ಎಂಜಿಯ ಹೆಸರಿಲ್ಲ. ಹೆಸರಿದ್ದರೂ ಸಮಸ್ಯೆ ಉಳಿಯುತ್ತದೆ. ಸಂಜೆ ಮೆಟ್ಟಿಲು ಹತ್ತಲಾಗದವರು ಬೆಳಗ್ಗೆ ಮೆಡಿಕಲ್ ಬೋರ್ಡ್ ಎದುರು ನೆಟ್ಟಗೆ ನಡೆದುಬಿಡುತ್ತಾರೆ.

ಅಮಿತಾಭ್ ಬಚ್ಚನ್ ವಿಷಯವನ್ನೂ ಇಲ್ಲೇ ಹೇಳಿಬಿಡಬಹುದು. 1982ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ಶೂಟಿಂಗ್ ವೇಳೆ ಹೊಟ್ಟೆಗೆ ಪೆಟ್ಟಾಯಿತು, ಎರಡು ವರ್ಷದ ಮೇಲೆ ಎಂಜಿ ಎಂದು ಗೊತ್ತಾಯಿತು. ಆ ಪೆಟ್ಟಿನಿಂದಲೇ ಕಾಯಿಲೆ ಬಂತು ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಹೊಟ್ಟೆಯ ಗಾಯ ಎಂಜಿ ತರುತ್ತದೆ ಎನ್ನಲು ಆಧಾರವಿಲ್ಲ. ಆದರೆ ಅವರು ಆಮೇಲೆ ದಶಕಗಳ ಕಾಲ ನಟಿಸಿದರು. ಅದೆಲ್ಲ ಈ ಹೊಸ ಇಂಜೆಕ್ಷನ್‌ಗಳು ಬರುವ ಎಷ್ಟೋ ವರ್ಷ ಮುಂಚೆ.

ಮುಂದೇನಾಗಬಹುದು?

ಕಾಂಪ್ಲಿಮೆಂಟ್ ಬಗೆಯಲ್ಲಿ ಬೆಲೆ ಮೊದಲು ಇಳಿಯುವ ಸಾಧ್ಯತೆ ಇದೆ. ಎಕ್ಯುಲಿಜುಮ್ಯಾಬ್‌ನ ಎರಡು ಬಯೋಸಿಮಿಲರ್‌ಗಳಿಗೆ 2024ರಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಭಾರತದ ಕಂಪನಿಗಳು ಇಂಥದ್ದಕ್ಕೆ ಕೈ ಹಾಕುವುದು ಹೊಸದೇನಲ್ಲ, ಬಯೋಸಿಮಿಲರ್ ಮಾಡುವ ದೊಡ್ಡ ಕಂಪನಿ ಬಯೋಕಾನ್ ಬೆಂಗಳೂರಿನದೇ. ಎಫ್‌ಗಾರ್ಟಿಜಿಮಾಡ್ ಬಗೆಯವು ಇನ್ನೂ ಹೊಸವು, ಅವುಗಳ ಪೇಟೆಂಟ್ ಮುಗಿಯಲು ವರ್ಷಗಳು ಬೇಕು.

ಅಷ್ಟರಲ್ಲಿ ರಾಜ್ಯ ಮಾಡಬಹುದಾದ್ದು ಬೇರೆ ಇದೆ. ನಿಮ್ಹಾನ್ಸ್ ಜೊತೆ ಸೇರಿ ಆರೋಗ್ಯ ಇಲಾಖೆ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರುಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಲೆನೋವು, ಮೂರ್ಛೆ, ಲಕ್ವ, ಮರೆವಿನ ಕಾಯಿಲೆ ಗುರುತಿಸುವ ತರಬೇತಿ ಅದರ ಭಾಗ. ಆ ತರಬೇತಿಯಲ್ಲಿ ಐಸ್ ಪರೀಕ್ಷೆಗೆ ಹತ್ತು ನಿಮಿಷ ಕೊಟ್ಟರೆ ಸಾಕು. ಕಣ್ಣಿನ ಡಾಕ್ಟರುಗಳಿಗೂ ಕನ್ನಡಕದ ಅಂಗಡಿಯ ಆಪ್ಟೊಮೆಟ್ರಿಸ್ಟ್‌ಗಳಿಗೂ ಅಷ್ಟೇ ಹೇಳಿಕೊಡಬೇಕು, ಯಾಕೆಂದರೆ ರೋಗಿ ಮೊದಲು ಹೋಗುವುದು ಅಲ್ಲಿಗೆ. ಪಿರಿಡೋಸ್ಟಿಗ್ಮಿನ್ ತಾಲ್ಲೂಕು ಆಸ್ಪತ್ರೆಯಲ್ಲೂ ತಪ್ಪದೆ ಸಿಗುವಂತಾದರೆ, ಬರೀ ಮಾತ್ರೆಗೆಂದು ನಿಮ್ಹಾನ್ಸ್ ಇರುವ ಬೆಂಗಳೂರಿನ ಹೊಸೂರು ರಸ್ತೆಯವರೆಗೆ ಬಸ್ಸು ಹತ್ತುವುದು ತಪ್ಪುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಪ್ಲಾಸ್ಮಾ ಎಕ್ಸ್‌ಚೇಂಜ್ ಶುರುಮಾಡುವುದು ಇದಕ್ಕಿಂತ ಕಷ್ಟದ ಕೆಲಸ. ಯಂತ್ರವನ್ನು ಟೆಂಡರ್ ಕರೆದು ಕೊಳ್ಳಬಹುದು, ಅದನ್ನು ರಾತ್ರಿ ಎರಡು ಗಂಟೆಗೆ ನಡೆಸುವ ಟೆಕ್ನಿಷಿಯನ್ ಹುದ್ದೆ ಮಂಜೂರಾಗಬೇಕು.